ಹೊಸ ಪುರಾಣ ಕಥೆ ಬರೆಯೋಕೆ ಎಲ್ಲಿಂದ ಶುರು ಮಾಡೋದು: ಬೆಟ್ಟನಾ, ಪ್ರಾಣಿನಾ, ಹಬ್ಬನಾ, ಜಗಳನಾ?

ಸ್ವಂತದ್ದೊಂದು ಪುರಾಣ ಕಥೆ ಬರೀಬೇಕು ಅಂತ ಕೂತೋರಲ್ಲಿ ಸುಮಾರು ಜನ ಮೊದಲನೇ ಸಾಲಲ್ಲೇ "ಆದಿಯಲ್ಲಿ ಬರೀ ಕತ್ತಲೆ ಇತ್ತು" ಅಂತ ಬರೆದ್ಬಿಡ್ತಾರೆ, ಎರಡನೇ ಸಾಲಲ್ಲಿ ಒಬ್ಬ ದೇವರು ಕಣ್ಣು ಬಿಡ್ತಾನೆ, ಮೂರನೇ ಸಾಲಿಗೆ ಏನು ಬರೀಬೇಕು ಗೊತ್ತಾಗ್ದೆ ಫೈಲ್ ಕ್ಲೋಸ್. ತಲೇಲಿ ಏನೂ ಇಲ್ಲ ಅಂತ ಅವರೇ ಅಂದ್ಕೊಳ್ತಾರೆ ಪಾಪ, ಆದ್ರೆ ಶುರು ಮಾಡಿದ ಜಾಗಾನೇ ಕಷ್ಟದ್ದು. ಅದಕ್ಕೆ ಇಲ್ಲಿ ಬೇರೆ ಬೇರೆ ಆರಂಭಗಳನ್ನ ಪಕ್ಕಪಕ್ಕ ಇಟ್ಟು ನೋಡೋಣ ಅಂತ, ಯಾವುದು ಯಾರಿಗೆ ಆಗತ್ತೆ, ಯಾವುದು ಎಲ್ಲಿ ಕೈ ಕೊಡತ್ತೆ.

ನನ್ನ ಆರ್ಡರ್ ಮೊದ್ಲೇ ಹೇಳ್ಬಿಡ್ತೀನಿ. ಆಚರಣೆಯಿಂದ ಶುರು ಮಾಡಿದ ಕಥೆ ಎಲ್ಲಕ್ಕಿಂತ ಗಟ್ಟಿ, ಆಮೇಲೆ ಕಣ್ಣಿಗೆ ಕಾಣೋ ಜಾಗ, ಆಮೇಲೆ ಜಗಳ, ಆಮೇಲೆ ಪ್ರಾಣಿ-ಗಿಡ. ಸೃಷ್ಟಿ ಕಥೆ ಕಟ್ಟಕಡೆಗೆ. ಯಾಕೆ ಅಂತ ಮುಂದೆ ಬರತ್ತೆ, ನಿಮಗೆ ಒಪ್ಪಿಗೆ ಆಗದಿದ್ರೆ ಉಲ್ಟಾ ಮಾಡ್ಕೊಳಿ.

ಅದಕ್ಕೂ ಮುಂಚೆ ಒಂದು ಅನುಮಾನ ಇರತ್ತೆ ಎಲ್ರಿಗೂ, ಪುರಾಣ ಅನ್ನೋದನ್ನ ಈಗ ಕೂತ್ಕೊಂಡು ಹುಟ್ಟಿಸಬಹುದಾ ಅಂತ. ಕನಕದಾಸರು 16ನೇ ಶತಮಾನದಲ್ಲೇ ಮಾಡಿ ತೋರಿಸಿದ್ದಾರಲ್ಲ. ರಾಮಧಾನ್ಯ ಚರಿತೆ ತಗೊಳಿ: ಲಂಕೆಯಿಂದ ವಾಪಸ್ ಬರೋ ರಾಮ ದಾರೀಲಿ ಮುನಿಗಳ ಆಶ್ರಮದಲ್ಲಿ ಉಳ್ಕೊಂಡಾಗ ಯಾವ ಧಾನ್ಯ ದೊಡ್ಡದು ಅನ್ನೋ ಮಾತು ಬರತ್ತೆ, ನರೆದಲೆಗ ಅಂದ್ರೆ ರಾಗಿ, ವ್ರೀಹಿ ಅಂದ್ರೆ ಭತ್ತ, ಎರಡೂ ತುಂಬಿದ ಸಭೇಲಿ ಬೈದಾಡ್ಕೊಳ್ತವೆ, ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸ್ತಾನೆ, ಆಚೆ ತೆಗೆದಾಗ ಭತ್ತ ಸೊರಗಿರತ್ತೆ, ರಾಗಿ ಹಾಗೇ ಇರತ್ತೆ. ವಾಲ್ಮೀಕಿ ರಾಮಾಯಣದಲ್ಲಿ ಈ ಪ್ರಸಂಗ ಇಲ್ಲ. ಆದ್ರೂ ಓದಿದ್ರೆ ಇದು ಯಾವಾಗಿಂದಲೂ ಇತ್ತು ಅನ್ಸತ್ತೆ, ಯಾಕಂದ್ರೆ ಕಥೆಯ ಒಳಗಿರೋ ಸಂಗತಿ ನಿಜ, ರಾಗಿ ವರ್ಷಗಟ್ಟಲೆ ಹುಳ ಹಿಡೀದೆ ಉಳಿಯತ್ತೆ ಅನ್ನೋದು ಕಣಜ ಇದ್ದ ಪ್ರತಿ ಮನೆಗೂ ಗೊತ್ತಿತ್ತು. ಜನಕ್ಕೆ ಮೊದಲೇ ಗೊತ್ತಿರೋ ಒಂದು ನಿಜ, ಅದರ ಮೇಲೆ ಯಾರೂ ಕೇಳಿರದ ಒಂದು ಕಾರಣ. ಮುಂದಿನ ಎಲ್ಲಾ ಆಪ್ಷನ್‌ಗಳನ್ನೂ ನಾನು ಇದೇ ಅಳತೇಲಿ ನೋಡ್ತಿರೋದು.

ಜಾಗದಿಂದ ಶುರು ಮಾಡೋದು

ಬೆಟ್ಟ, ಬಂಡೆ, ಹೊಳೆ, ಮಡು, ಮರಳು. ಹೊಸಬರಿಗೆ ಇದು ತುಂಬಾ ಅನುಕೂಲ, ಯಾಕಂದ್ರೆ ಕಥೆಯ ಕೊನೆ ಮೊದಲೇ ಎದುರಿಗೆ ನಿಂತಿರತ್ತೆ. ಯಾಣಕ್ಕೆ ಹೋದವರಿಗೆ ಗೊತ್ತು, ಸುತ್ತ ಹಸಿರು ಕಾಡು, ಮಧ್ಯೆ ಕಪ್ಪಗೆ ಎದ್ದು ನಿಂತಿರೋ ಎರಡು ದೈತ್ಯ ಬಂಡೆ, ಕಾಲ ಕೆಳಗಿನ ಮಣ್ಣೂ ಕಪ್ಪು. ಸುಣ್ಣಕಲ್ಲು ಅಂತಾರೆ ಭೂವಿಜ್ಞಾನದವರು. ಆದ್ರೆ ಅಲ್ಲಿ ನಿಂತಾಗ ಇಲ್ಲಿ ಏನೋ ಸುಟ್ಟಿದೆ ಅನ್ಸದೇ ಇರಲ್ಲ, ಭಸ್ಮಾಸುರ ಬೂದಿ ಆಗಿದ್ದು ಇಲ್ಲೇ ಅಂತ ಕಥೆ ಹೇಳಿದ್ರೆ ಯಾರೂ ಜಗಳಕ್ಕೆ ಬರಲ್ಲ, ಒಂದು ಬಂಡೆ ಭೈರವೇಶ್ವರ ಶಿಖರ, ಇನ್ನೊಂದು ಮೋಹಿನಿ ಶಿಖರ. ಕಥೆ ಮಾಡಿದೋರು ಬಣ್ಣದಿಂದ ಶುರು ಮಾಡಿದ್ದಾರೆ ಅಂತ ನನ್ನ ಗುಮಾನಿ.

ಗೋಕರ್ಣದ್ದು ಇನ್ನೂ ಜಾಣತನದ ಕೆಲಸ. ರಾವಣ ಆತ್ಮಲಿಂಗ ತರ್ತಿದ್ದ, ದನ ಕಾಯೋ ಹುಡುಗನ ವೇಷದಲ್ಲಿದ್ದ ಗಣೇಶ ಅದನ್ನ ನೆಲಕ್ಕಿಟ್ಟ, ರಾವಣ ಕಿತ್ತ, ಬರ್ಲಿಲ್ಲ, ಸಿಟ್ಟಲ್ಲಿ ಲಿಂಗದ ಮೇಲಿದ್ದ ಪೆಟ್ಟಿಗೆ, ಮುಚ್ಚಳ, ಬಟ್ಟೆ ಎಲ್ಲಾ ಕಿತ್ತೆಸೆದ, ಅವು ಬಿದ್ದ ಜಾಗಗಳೇ ಸಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರುಡೇಶ್ವರ. ಒಂದೇ ಸಿಟ್ಟಿಗೆ ಐದು ಕ್ಷೇತ್ರ ಸೇರ್ಕೊಂಡ್ವು ನೋಡಿ. ಬೇರೆ ಬೇರೆ ಊರಲ್ಲಿರೋ ನಾಲ್ಕೈದು ವಿಚಿತ್ರಗಳನ್ನ ಒಂದೇ ಘಟನೆಗೆ ಕಟ್ಟಬಹುದಾ ಅಂತ ನಿಮ್ಮ ತಾಲೂಕಿನ ಮ್ಯಾಪ್ ಮುಂದಿಟ್ಕೊಂಡು ನೋಡಿ, ಕಾದಂಬರಿ ಬರೆಯೋರಿಗಂತೂ ಇದು ಬಂಪರ್.

ತಲಕಾಡನ್ನ ಬಿಟ್ಟು ಈ ಮಾತು ಮುಗಿಸೋಕಾಗಲ್ಲ. "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗೆ ಮಕ್ಕಳಾಗದೆ ಹೋಗಲಿ" ಅಂತ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಶಾಪ ಹಾಕಿ ಹೊಳೆಗೆ ಹಾರಿದಳು ಅನ್ನೋದು ಎಲ್ರಿಗೂ ಬಾಯಿಪಾಠ. ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡಿದ್ದು 1610ರಲ್ಲಿ, ಶಾಪವನ್ನೂ ಅದೇ ಕಾಲಕ್ಕೆ ಹೇಳ್ತಾರೆ. ಮರಳಿಗೆ ವಿಜ್ಞಾನದವರು ಕೊಡೋ ಕಾರಣ ಬೇರೆ, ಕಾವೇರಿ ಅಲ್ಲಿ ತಿರುಗತ್ತೆ, ವಿಜಯನಗರದ ಕಾಲದಲ್ಲಿ ಮೇಲ್ಗಡೆ ಕಟ್ಟಿದ ಮಾಧವಮಂತ್ರಿ ಅಣೆಯಿಂದ ಹರಿವು ಬದಲಾಯ್ತು, ಒಣಗಿದ ಮರಳನ್ನ ಗಾಳಿ ಊರೊಳಕ್ಕೆ ತಂದು ಸುರಿದಿದೆ. ಇರಲಿ. ಕಥೆ ಕಟ್ಟೋರು ಗಮನಿಸಬೇಕಾದ್ದು ಆ ಶಾಪದ ರಚನೆ. ಮೊದಲ ಎರಡು ಭಾಗ ನೀವು ಹೋಗಿ ಕಣ್ಣಾರೆ ನೋಡಬಹುದಾದ್ದು, ಮರಳು ಮತ್ತು ಮಡು. ಮೂರನೇದು ಕಾದು ನೋಡ್ಬೇಕಾದ್ದು. ಎರಡು ನಿಜವಾದ್ಮೇಲೆ ಮೂರನೇದನ್ನ ಯಾರು ತಾನೇ ಅನುಮಾನಿಸ್ತಾರೆ, ಪ್ರತಿ ತಲೆಮಾರಲ್ಲೂ ಜನ ಅರಮನೆ ಕಡೆ ನೋಡ್ತಾ ಕಥೇನ ಮತ್ತೆ ಎತ್ಕೊಳ್ತಾರೆ. ಶಾಪದಿಂದ ಕಥೆ ಶುರು ಮಾಡ್ಬೇಕು ಅನ್ನೋರು ಇದನ್ನ ನಾಲ್ಕು ಸಲ ಓದಿ, ಸಿನಿಮಾ ಶಾಪಗಳ ಹಾಗೆ "ನಿನ್ನ ವಂಶ ನಿರ್ವಂಶ ಆಗ್ಲಿ" ಅಂತ ಬರೆದು ಕೈ ತೊಳ್ಕೋಬೇಡಿ.

ಜಾಗದಿಂದ ಶುರು ಮಾಡೋದ್ರಲ್ಲಿ ತೊಂದರೆ ಒಂದೇ, ಫೇಮಸ್ ಜಾಗಗಳಿಗೆಲ್ಲಾ ಆಗಲೇ ಕಥೆ ಇದೆ. ಹಂಪಿ ಬಂಡೆಗಳಿಗೆ ಕಿಷ್ಕಿಂಧೆ ಇದೆ, ಶರಾವತಿಗೆ ರಾಮನ ಬಾಣ ಇದೆ, ಕಾವೇರಿಗೆ ಅಗಸ್ತ್ಯರ ಕಮಂಡಲು ಮತ್ತೆ ಆ ಕಾಗೆ ಇದೆ. ಖಾಲಿ ಇರೋ ಜಾಗ ಹುಡುಕಿ. ಮಲ್ಪೆ ಹತ್ರದ ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾ ತಣ್ಣಗಾಗಿ ಆದ ಕಲ್ಲಿನ ಕಂಬಗಳಿವೆ, ಎಷ್ಟೋ ಕಂಬ ಆರು ಮೂಲೆದು, ಸಾಲಾಗಿ ಯಾರೋ ನಿಲ್ಲಿಸಿದ ಹಾಗೆ. ಅದರ ಬಗ್ಗೆ ಜನ ಹೆಚ್ಚಾಗಿ ಹೇಳೋದು ವಾಸ್ಕೋ ಡ ಗಾಮನ ವಿಷಯ. ಆರು ಮೂಲೆ ಯಾಕೆ, ಯಾವ ಮನೆಗೆ ಅಂತ ತಂದ ಕಂಬಗಳು, ಮನೆ ಯಾಕೆ ಮೇಲೇಳ್ಲಿಲ್ಲ? ಯಾರಾದ್ರೂ ಬರೀರಿ.

ಪ್ರಾಣಿ, ಹಕ್ಕಿ, ಗಿಡ

ಅಳಿಲಿನ ಬೆನ್ನ ಮೇಲೆ ರಾಮನ ಬೆರಳಿನ ಗೀರು, ಎಲ್ರಿಗೂ ಗೊತ್ತಿರೋದೇ. ಬರೆಯೋಕೆ ಇದು ಸುಲಭ, ಐನೂರು ಪದದಲ್ಲಿ ಮುಗಿಯತ್ತೆ, ಮಕ್ಕಳಿಗೆ ಹೇಳೋಕೆ ಚೆನ್ನಾಗಿರತ್ತೆ, ಸ್ಕೂಲ್ ಕಾಂಪಿಟೇಶನ್‌ಗೆ ಬೆಸ್ಟ್. ಆದ್ರೆ ಈ ದಾರೀಲಿ ನಡೆದ ಕಥೆಗಳೆಲ್ಲಾ ಒಂದೇ ಥರ ಆಗೋ ಅಪಾಯ ಇದೆ, ಒಂದು ಪ್ರಾಣಿ ಏನೋ ತಪ್ಪು ಮಾಡತ್ತೆ, ದೇವರು ಬೈತಾನೆ, "ಅದಕ್ಕೇ ಇವತ್ತಿಗೂ ಅದರ ಬಾಲ ಡೊಂಕು" ಅಂತ ಮುಕ್ತಾಯ. ಓದೋನಿಗೆ ಎರಡನೇ ಪ್ಯಾರಾದಲ್ಲೇ ಕೊನೆ ಗೊತ್ತಾಗೋಗತ್ತೆ.

ತಪ್ಪಿಸ್ಕೊಳ್ಳೋ ಉಪಾಯ ಅಂದ್ರೆ ರೂಪದ ಬದಲು ನಡವಳಿಕೆ ಹಿಡ್ಕೊಳ್ಳೋದು. ಮುಂಗಾರಿಗೆ ಸ್ವಲ್ಪ ಮುಂಚೆ ಪಶ್ಚಿಮ ಘಟ್ಟದ ಕೆಲವು ಕಡೆ ಮಿಂಚುಹುಳಗಳು ಮರದ ತುಂಬಾ ಕೂತು ಒಟ್ಟಿಗೇ ಹತ್ತಿ ಒಟ್ಟಿಗೇ ಆರ್ತವೆ. ಮಿಂಚುಹುಳಕ್ಕೆ ಬೆಳಕು ಹೇಗೆ ಬಂತು ಅನ್ನೋದು ಸಾದಾ ಪ್ರಶ್ನೆ, ಒಟ್ಟಿಗೇ ಯಾಕೆ ಆರ್ತವೆ, ಆ ಕತ್ತಲಲ್ಲಿ ಯಾರಿಗೆ ದಾರಿ ಬಿಡ್ತಾ ಇವೆ ಅನ್ನೋದು ಕಥೆ. ಕುರಿಂಜಿನೂ ಅಷ್ಟೆ, ನೀಲಿ ಹೂವು ಅನ್ನೋದರಲ್ಲಿ ಏನಿಲ್ಲ, ಹನ್ನೆರಡು ವರ್ಷ ಕಾದು ಒಂದೇ ಸಲ ಅರಳಿ ಬೀಜ ಕಟ್ಟಿ ಗಿಡಾನೇ ಸತ್ತೋಗತ್ತೆ ಅನ್ನೋದರಲ್ಲಿ ಒಂದು ಪೂರ್ತಿ ವ್ರತ ಇದೆ, ಯಾರದೋ ಹರಕೆ ಇದೆ.

ಆಚರಣೆಯಿಂದ ಶುರು ಮಾಡೋದು

ನನ್ನ ವೋಟು ಇದಕ್ಕೆ, ಕಾರಣ ತುಂಬಾ ಸಿಂಪಲ್. ಬೆಟ್ಟದ ಕಥೆ ಬೆಟ್ಟಕ್ಕೆ ಹೋದಾಗ ನೆನಪಾಗತ್ತೆ, ಆಚರಣೆಯ ಕಥೆ ವರ್ಷಾ ವರ್ಷ ಮನೆ ಬಾಗಿಲಿಗೆ ಬರತ್ತೆ. ಜನ ಕೈಯಾರೆ ಏನೋ ಮಾಡ್ತಾರೆ, ಮಾಡ್ತಾ ಮಾಡ್ತಾ ಮಗು "ಯಾಕಮ್ಮಾ ಹೀಗೆ" ಅಂತ ಕೇಳತ್ತೆ, ಕಥೆ ಹೇಳಲೇಬೇಕಾಗತ್ತೆ.

ಉತ್ತರ ಕರ್ನಾಟಕದ ಜೋಕುಮಾರಸ್ವಾಮಿನ ನೋಡಿ. ಭಾದ್ರಪದದಲ್ಲಿ ಗಣಪತಿ ಬಂದು ಹೋದ್ಮೇಲೆ ಇವನು ಹುಟ್ಟೋದು, ಬದುಕೋದು ಏಳೇ ದಿನ, ಹುಣ್ಣಿಮೆ ಹೊತ್ತಿಗೆ ಅಗಸರ ಕೈಲಿ ಸಾಯ್ತಾನೆ. ಮಣ್ಣಿನ ಮೂರ್ತಿನ ಬುಟ್ಟೀಲಿ ಬೇವಿನ ಸೊಪ್ಪಿನ ಮಧ್ಯೆ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಹೆಣ್ಮಕ್ಕಳು ಮನೆ ಮನೆಗೆ ಹೊತ್ಕೊಂಡು ಹಾಡು ಹೇಳ್ತಾ ಬರ್ತಾರೆ. ಜನ ಹೇಳೋದು ಏನಂದ್ರೆ, ಗಣಪ ಭೂಮಿಗೆ ಬಂದು ಕಡುಬು ಹೋಳಿಗೆ ಉಂಡು ಹೋಗಿ "ಎಲ್ಲಾ ಸೌಖ್ಯವಾಗಿದ್ದಾರೆ" ಅಂತ ಶಿವನಿಗೆ ವರದಿ ಕೊಡ್ತಾನೆ, ಜೋಕುಮಾರ ಬಂದು ಓಣಿ ಓಣಿ ಸುತ್ತಿ "ಮಳೆ ಇಲ್ಲ, ಜನ ಸಾಯ್ತಾ ಇದ್ದಾರೆ" ಅಂತ ನಿಜ ಹೇಳ್ತಾನೆ, ಅದಕ್ಕೆ ಮಳೆ ಬರತ್ತೆ. ಎಂಥಾ ಕಥೆ ಇದು! ಇಬ್ಬರು ದೇವರು, ಒಂದೇ ಊರು, ಎರಡು ರಿಪೋರ್ಟು, ನಿಜ ಹೇಳಿದವನಿಗೇ ಏಳು ದಿನದ ಆಯಸ್ಸು. ಇದರ ಮುಂದೆ ನಮ್ಮ ಕತ್ತಲೆಯಿಂದ ಎದ್ದ ದೇವರುಗಳು ಸಪ್ಪೆ.

ಇನ್ನೊಂದು ಜೋಡಿ ನೋಡಿ. ತುಳುನಾಡಲ್ಲಿ ಫೆಬ್ರವರಿ ಹೊತ್ತಿಗೆ ಕೆಡ್ಡಸ ಬರತ್ತೆ, ಭೂಮಿ ಮುಟ್ಟಾಗಿದ್ದಾಳೆ ಅಂತ ಆ ಮೂರು ದಿನ ಯಾರೂ ನೆಲ ಅಗೆಯಲ್ಲ, ಉಳಲ್ಲ. ಮಲೆನಾಡಲ್ಲಿ ಆಶ್ವಯುಜದಲ್ಲಿ ಭೂಮಿ ಹುಣ್ಣಿಮೆ, ಆಗ ಭೂಮಿ ಬಸುರಿ, ಚಿತ್ತಾರ ಬರೆದ ಬುಟ್ಟೀಲಿ ಅಡುಗೆ ತುಂಬಿಸ್ಕೊಂಡು ಹೋಗಿ ಗದ್ದೆಗೆ ಬಯಕೆ ಬಡಿಸ್ತಾರೆ. ಒಂದು ಕಡೆ ಮುಟ್ಟು, ಇನ್ನೊಂದು ಕಡೆ ಬಸುರು. ಇವೆರಡರ ನಡುವಿನ ತಿಂಗಳುಗಳಲ್ಲಿ ಏನಾಯ್ತು, ಅವಳು ಘಟ್ಟ ಹತ್ತಿದ್ದು ಯಾವಾಗ, ಅನ್ನೋ ಕಥೆ ನಾನಂತೂ ಕೇಳಿಲ್ಲ. ಖಾಲಿ ಸೈಟು.

ದೊಡ್ಡ ಹಬ್ಬಾನೇ ಆಗ್ಬೇಕಂತಿಲ್ಲ. ಮುಸ್ಸಂಜೇಲಿ ಕಸ ಗುಡಿಸಬಾರದು, ಕತ್ತಲಾದ್ಮೇಲೆ ಪಕ್ಕದ ಮನೆಗೆ ಮೊಸರು ಕೊಡಬಾರದು, ರಾತ್ರಿ ಶಿಳ್ಳೆ ಹಾಕಬಾರದು, ಹೊರಡೋವಾಗ "ಹೋಗ್ತೀನಿ" ಅನ್ನಬಾರದು "ಹೋಗಿ ಬರ್ತೀನಿ" ಅನ್ಬೇಕು. ಪ್ರತಿ "ಬಾರದು" ಹಿಂದೆ ಒಬ್ಬರು ಮಾಡಿ ಕೆಟ್ಟವರು ಇರ್ಬೇಕು. ಆ ಮೊದಲನೇ ಸಲ ಕೊಟ್ಟ ಮೊಸರನ್ನ ಇಸ್ಕೊಂಡೋರು ಯಾರು? ಅವರು ಅದನ್ನ ವಾಪಸ್ ಕೊಟ್ರಾ? ಇಷ್ಟು ಕೇಳ್ಕೊಂಡ್ರೆ ಪಾತ್ರ ತಾನೇ ಬರತ್ತೆ.

ಇದು ಹಳೇ ಕಾಲದ ಮಾತು ಅಂತ ಅನ್ಕೋಬೇಡಿ. 1990ರ ದಶಕದಲ್ಲಿ ಬೆಂಗಳೂರು ಸುತ್ತಮುತ್ತ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿದ್ದು ನೆನಪಿರೋರು ಇದ್ದೀರಲ್ಲ. ರಾತ್ರಿ ಒಂದು ಹೆಣ್ಣು ದೆವ್ವ ಗೊತ್ತಿರೋರ ಧ್ವನೀಲಿ ಕರೆಯತ್ತೆ, ಬಾಗಿಲು ತೆಗೆದ್ರೆ ಮುಗೀತು, ಬರಹ ಓದ್ಕೊಂಡು ನಾಳೆ ಬರೋಣ ಅಂತ ಹೋಗತ್ತೆ, ನಾಳೆನೂ ಅದೇ ಬರಹ. ಬರೆದ ಲೇಖಕ ಇಲ್ಲ, ಪುಸ್ತಕ ಇಲ್ಲ, ವಾಟ್ಸಾಪ್ ಆಗ ಹುಟ್ಟೇ ಇರ್ಲಿಲ್ಲ. ಆದ್ರೂ ಊರೂರಿಗೆ ಹೋಯ್ತು, ಯಾಕಂದ್ರೆ ಕೇಳಿದವನು ಮಾಡ್ಬೇಕಾದ ಒಂದು ಕೆಲಸ ಅದರ ಜೊತೆ ಇತ್ತು, ಒಂದು ತುಂಡು ಸೀಮೆಸುಣ್ಣದ ಖರ್ಚು. ಹೊಸ ಕಾಲದ್ದು ಬರೀಬೇಕು ಅನ್ನೋರು ಬೋರ್‌ವೆಲ್ ಕಡೆ ನೋಡಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲದಲ್ಲಿ ನಡೆದು ನೀರಿನ ಪಾಯಿಂಟ್ ಹೇಳೋರಿದ್ದಾರೆ, ಕಾಯಿ ಎದ್ದು ನಿಂತ ಕಡೆ ಪೂಜೆ, ಆಮೇಲೆ ತಮಿಳುನಾಡಿನ ತಿರುಚೆಂಗೋಡಿನ ಲಾರಿ ಬಂದು ರಾತ್ರಿಯಿಡೀ ಕೊರೆಯತ್ತೆ, ಸಾವಿರ ಅಡಿ ಹೋದ್ರೂ ಬರೀ ಧೂಳು. ಕಾಯಿ ಯಾಕೆ ಎದ್ದು ನಿಲ್ಲತ್ತೆ, ಕೆಳಗಡೆ ಇರೋಳು ಅದಕ್ಕೆ ಏನು ಹೇಳ್ತಾ ಇದ್ದಾಳೆ, ಸುಳ್ಳು ಯಾರು ಹೇಳ್ತಿರೋದು, ಅಂತ ಯೋಚನೆ ಮಾಡಿದ್ರೆ ಕೆರೆಗೆ ಹೆಣ್ಣು ಕೊಟ್ಟ ಹಳೇ ಲಾವಣಿಗಳ ಪಕ್ಕದಲ್ಲಿ ನಿಲ್ಲೋ ಕಥೆ ಸಿಗಬಹುದು.

ಆಚರಣೆ ದಾರಿಯ ಕಷ್ಟನೂ ಹೇಳ್ಬೇಕಲ್ಲ. ಗೊತ್ತಿಲ್ಲದ ಆಚರಣೆ ಮುಟ್ಟೋಕೆ ಹೋದ್ರೆ ಎಡವಟ್ಟಾಗತ್ತೆ. ಅದರಲ್ಲೂ ಪಂಜುರ್ಲಿ, ಗುಳಿಗ, ಕೊರಗಜ್ಜ ಅಂಥ ತುಳುನಾಡಿನ ದೈವಗಳ ಹುಟ್ಟಿನ ಕಥೆ ಪಾಡ್ದನಗಳಲ್ಲಿ, ಅಂದ್ರೆ ತುಳು ಕಥನ ಹಾಡುಗಳಲ್ಲಿ ಇದೆ, ಅದನ್ನ ಕಟ್ಟಿ ಆಡಿ ಉಳಿಸ್ಕೊಂಡು ಬಂದ ಸಮುದಾಯಗಳಿವೆ, ನಂಬಿ ಕೈ ಮುಗಿಯೋ ಮನೆಗಳಿವೆ. ಅವಕ್ಕೆ ನಾವು ಕೂತಲ್ಲೇ ಹೊಸ ಹುಟ್ಟು ಬರೆಯೋದು ಬೇಡ. ಹೊಸ ಹೆಸರು, ಹೊಸ ಊರು ಇಟ್ಕೊಂಡು ಬರೀರಿ, ಅಷ್ಟೊಂದು ಕಷ್ಟ ಏನಲ್ಲ ಅದು.

ಜಗಳದಿಂದ

ನಾಟಕ ಬರೆಯೋರಿಗೆ, ಯಕ್ಷಗಾನ ಪ್ರಸಂಗದ ಥರ ಏನಾದ್ರೂ ಮಾಡೋರಿಗೆ ಇದೇ ಸರಿ, ಮೊದಲ ಸಾಲಿಂದಲೇ ಮಾತು ಸಿಗತ್ತೆ. ರಾಗಿ-ಭತ್ತ ಆಗಲೇ ನೋಡಿದ್ವಿ. ಜಗಳ ಆಡೋರು ಸಮಬಲ ಇರ್ಬೇಕು, ಇಬ್ಬರ ಕಡೆನೂ ನ್ಯಾಯ ಇರ್ಬೇಕು, ತೀರ್ಪು ಇವತ್ತಿಗೂ ಎಲ್ಲೋ ಜಾರೀಲಿರ್ಬೇಕು.

ಹೇಗೆ ಬೆಳೆಸೋದು ಅಂತ ಒಂದನ್ನ ಇಲ್ಲೇ ಮಾಡಿ ನೋಡೋಣ. ನಮ್ಮ ಮಳೆಗಳಿಗೆಲ್ಲಾ ನಕ್ಷತ್ರದ ಹೆಸರು, ಭರಣಿ, ರೋಹಿಣಿ, ಮೃಗಶಿರ, ಆರಿದ್ರಾ, ಮಘೆ, ಹಸ್ತ, ಚಿತ್ತ, ಸ್ವಾತಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರ್ತಾನೆ, ಅಷ್ಟು ದಿನ ಆ ಮಳೆ. ಈಗ ಪುರಾಣದ ಕಡೆಯಿಂದ ನೋಡಿ, ಈ 27 ನಕ್ಷತ್ರಗಳೂ ದಕ್ಷನ ಹೆಣ್ಮಕ್ಕಳು, ಎಲ್ರೂ ಚಂದ್ರನ ಹೆಂಡ್ತಿಯರು, ಚಂದ್ರ ರೋಹಿಣಿ ಮನೇಲೇ ಝಂಡಾ ಊರಿದ್ದಕ್ಕೆ ಮಿಕ್ಕೋರು ಅಪ್ಪನ ಹತ್ರ ದೂರು ಹೇಳಿ ಅವನು ಕ್ಷೀಣಿಸೋ ಶಾಪ ತಗೊಂಡ. ಇಲ್ಲಿವರೆಗೆ ಹಳೇದು. ಹೊಸದು ಇಲ್ಲಿಂದ: ಅಪ್ಪನ ಶಾಪದಿಂದ ಗಂಡ ಸವೆದ, ಆದ್ರೆ ಅಕ್ಕತಂಗೀರಿಗೆ ಸಿಗಬೇಕಾದ ದಿನಗಳು ಸಿಗ್ಲಿಲ್ಲ, ಅವರು ಸೂರ್ಯನ ಬಾಗಿಲಿಗೆ ಹೋದ್ರು. ಸೂರ್ಯ ಲೆಕ್ಕದ ಮನುಷ್ಯ. ನಾನು ಒಬ್ಬೊಬ್ಬರ ಮನೆಗೂ ಸಮ ಸಮ ದಿನ ಬರ್ತೀನಿ, ಅಣ್ಣನ ಹಾಗೆ ಬರ್ತೀನಿ, ನಾನಿರೋ ಅಷ್ಟು ದಿನ ನಿಮ್ಮ ದುಃಖ ಹೇಳ್ಕೊಳಿ ಅಂದ. ಅತ್ತವರ ಮಳೆ ಬಂತು. ಹಾಗಾದ್ರೆ ವರ್ಷದಲ್ಲಿ ಕೆಲವು ನಕ್ಷತ್ರಕ್ಕೆ ಮಳೆ ಯಾಕಿಲ್ಲ? ಅವರು ಬಾಯಿ ಬಿಡ್ಲಿಲ್ಲ, ಸೂರ್ಯ ಬಂದು ಕೂತು ಎದ್ದು ಹೋದ. ಸರಿ, ರೋಹಿಣಿಗೆ ಯಾಕೆ ಮಳೆ? ಅವಳಿಗೇನು ಕಡಿಮೆ ಆಗಿತ್ತು? ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ ಅಂತ ಗಾದೆ ಬೇರೆ ಇದೆ, ಅವಳ ಮಳೆಗೇ ಅಷ್ಟು ಬೆಳೆ. ನನ್ನ ಕೇಳಿದ್ರೆ ಕಥೆಯ ಹೊಟ್ಟೆ ಇರೋದು ಈ ಪ್ರಶ್ನೇಲಿ, ಅತ್ತ ಅಕ್ಕತಂಗೀರಲ್ಲ, ಗಂಡ ಬೇಕಾದಷ್ಟು ಸಿಕ್ಕಿ, ಅದೇ ಕಾರಣಕ್ಕೆ ಅವನು ದಿನಾ ಸವೆಯೋದನ್ನ ಹತ್ರದಿಂದ ನೋಡ್ಬೇಕಾದ ರೋಹಿಣಿ.

ಗಮನಿಸಿ, ಇದು ಜಗಳದಿಂದ ಶುರುವಾಯ್ತು, ಆದ್ರೆ ಹಿಡಿದು ನಿಲ್ಲಿಸಿದ್ದು ಪಂಚಾಂಗ ಮತ್ತೆ ಗಾದೆ. ಆ ಹದಿಮೂರು ಹದಿನಾಲ್ಕು ದಿನದ ಲೆಕ್ಕ ಇಲ್ದಿದ್ರೆ ಸೂರ್ಯನ ಮಾತಿಗೆ ತೂಕಾನೇ ಇರ್ತಿರ್ಲಿಲ್ಲ.

ಊರ ಹೆಸರು, ಪಕ್ಕದ ಪಾತ್ರ, ಐಡಿಯಾ ಮೆಷಿನ್

ಊರ ಹೆಸರಿಂದ ಕಥೆ ಕಟ್ಟೋದು ತುಂಬಾ ಜನ ಮಾಡ್ತಾರೆ, ನನಗೆ ರುಚಿಸಲ್ಲ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಿದ್ದು ಚೆನ್ನಾಗೇನೋ ಇದೆ, ಆದ್ರೆ ಬೇಗೂರಿನ ಶಾಸನದಲ್ಲಿ ಸುಮಾರು 890ರಲ್ಲೇ ಬೆಂಗಳೂರು ಅನ್ನೋ ಹೆಸರಿದೆ, ಬಲ್ಲಾಳ ಬಂದಿದ್ದು ಅದಾಗಿ ಮುನ್ನೂರು ವರ್ಷಕ್ಕೆ. ಇಂಥ ಕಥೆ ಒಂದು ಶಬ್ದದ ಮೇಲೆ ನಿಂತಿರತ್ತೆ, ಜೋಕ್ ಆದ್ಮೇಲೆ ಮುಂದಕ್ಕೆ ಹೋಗಲ್ಲ. ಗೊತ್ತಿರೋ ಪುರಾಣದ ಪಕ್ಕದ ಪಾತ್ರ ತಗೊಂಡು ಅವರ ಕಣ್ಣಲ್ಲಿ ಹೇಳೋದು ಬೇರೇನೇ ಆಟ, ಒಳ್ಳೇ ಆಟ, ಆದ್ರೆ ಅದು ಮರುಕಥನ, ಹೊಸ ಪುರಾಣ ಅಂತ ನಾನು ಕರೆಯಲ್ಲ.

ಇನ್ನು ಬಟನ್ ಒತ್ತಿದ್ರೆ ಐಡಿಯಾ ಕೊಡೋ ಸೈಟುಗಳು, "ಚಂದ್ರ, ನರಿ, ದ್ರೋಹ" ಅಂತ ಮೂರು ಪದ ಉದುರಿಸ್ತವೆ. ಟೈಂಪಾಸ್‌ಗೆ ಸರಿ. ಅದರಿಂದ ಬರೋ ಕಥೆ ಯಾವ ಊರಲ್ಲೂ ನಡೆಯಲ್ಲ ಅನ್ನೋದೇ ತೊಂದರೆ, ಹಿಮ ಬೀಳತ್ತೆ, ತೋಳ ಊಳಿಡತ್ತೆ, ಬರೆದೋನು ದಾವಣಗೆರೆಯವನು.

ಸೃಷ್ಟಿ ಕಥೆ

ಕಷ್ಟ ಯಾಕಂದ್ರೆ ಏನೂ ಇಲ್ಲದ ಜಾಗದಲ್ಲಿ ಯಾರಿಗೂ ಏನೂ ಬೇಕಾಗಿರಲ್ಲ, ಬೇಕು ಅನ್ನೋದು ಇಲ್ದೆ ಕಥೆ ಹೊರಡಲ್ಲ. ಬರೀಲೇಬೇಕು ಅಂದ್ರೆ ಪೂರ್ತಿ ಜಗತ್ತು ಬಿಟ್ಟು ಒಂದು ತುಂಡು ಸೃಷ್ಟಿ ಮಾಡಿ. ಪರಶುರಾಮ ಕೊಡಲಿ ಎಸೆದು ಸಮುದ್ರ ಹಿಂದಕ್ಕೆ ಕಳಿಸಿದ್ದು ಗೋಕರ್ಣದಿಂದ ಕನ್ಯಾಕುಮಾರಿವರೆಗಿನ ಕರಾವಳಿಗೆ ಮಾತ್ರ. ಅದಕ್ಕಿಂತ ಮಜಾ ಇರೋದು ಆಮೇಲಿನದು, ಕೇರಳದ ಕಡೆ ಹೇಳೋ ಪ್ರಕಾರ ಸಮುದ್ರದಿಂದ ಎದ್ದ ಆ ನೆಲ ಉಪ್ಪುಪ್ಪಾಗಿ ಯಾರೂ ಬದುಕೋಕಾಗ್ಲಿಲ್ಲ, ನಾಗಗಳನ್ನ ಕರೆಸಿ ಅವುಗಳ ವಿಷದಿಂದ ಉಪ್ಪು ತೆಗೆಸಬೇಕಾಯ್ತು, ಅದಕ್ಕೆ ನಾಗಗಳಿಗೆ ಜಾಗ ಬಿಟ್ಟು ಪೂಜೆ. ನೆಲ ಬಂದ್ರೆ ಸಾಕಾ, ಬೆಳೆ ಬೇಡ್ವಾ ಅಂತ ಯಾರೋ ರೈತ ಕೇಳಿರ್ಬೇಕು. ನಿಮ್ಮ ಸೃಷ್ಟಿ ಕಥೆಗೂ ಅಂಥ ಒಬ್ಬ ತಕರಾರು ತೆಗೆಯೋನನ್ನ ಮೊದಲ ಪುಟದಲ್ಲೇ ಕೂರಿಸಿ.

ಇನ್ನೂ ಆಯ್ಕೆ ಆಗಿಲ್ಲ ಅನ್ನೋರಿಗೆ: ಮಕ್ಕಳ ಪತ್ರಿಕೆಗೆ ಕಳಿಸೋದಾದ್ರೆ ಪ್ರಾಣಿ, ಅದರ ನಡವಳಿಕೆ ಹಿಡ್ಕೊಂಡು. ಸ್ಟೇಜಿಗಾದ್ರೆ ಜಗಳ. ಕಾದಂಬರಿಗಾದ್ರೆ ಜಾಗ ಮತ್ತೆ ಆಚರಣೆ ಎರಡೂ ಸೇರಿಸಿ, ಒಂದೇ ಸಾಕಾಗಲ್ಲ. ಮೊದಲನೇ ಸಲ ಬರೀತಿದ್ದೀರಾ, ಟೈಮ್ ಬರೀ ಒಂದು ವೀಕೆಂಡ್ ಇದೆ ಅಂದ್ರೆ ನಿಮ್ಮ ಮನೆಯ ಒಂದು "ಬಾರದು" ತಗೊಳಿ. ಬರೆದಾದ್ಮೇಲೆ ಕಾಗದ ಬದಿಗಿಟ್ಟು ಯಾರಿಗಾದ್ರೂ ಬಾಯಲ್ಲಿ ಹೇಳಿ, ಓದಿ ಹೇಳ್ಬೇಡಿ. ಹೇಳ್ತಾ ಹೇಳ್ತಾ ನೀವೇ ಮರೆತು ಹಾರಿಸಿದ ಪ್ಯಾರಾಗಳನ್ನ ಡಿಲೀಟ್ ಮಾಡಿ, ಕೇಳೋರು "ಹೌದಾ, ಅದಕ್ಕೇನಾ?" ಅಂದ ಜಾಗ ಎಲ್ಲಿತ್ತೋ ಅಲ್ಲಿಗೆ ಕಥೆ ನಿಲ್ಸಿ.